ತಾನೇ ತೊಳೆದುಕೊಳ್ಳುವ ಗೋಡೆ ಬಣ್ಣ

ಮೇಲೆ ಕುಳಿತ ಕೊಳೆ ಬಿಸಿಲು ಮತ್ತು ಮಳೆಯಿಂದಲೇ ಕಳಚಿಹೋಗುವಂತೆ, ನ್ಯಾನೊ ಗಾತ್ರದ ಕಣಗಳನ್ನು ಬೆರೆಸಿ ತಯಾರಿಸಿದ ಗೋಡೆ ಬಣ್ಣ. ಇದರಲ್ಲಿ ಎರಡು ಕುಲಗಳಿವೆ. ಮೊದಲನೆಯದು ನೀರನ್ನು ಅಂಟಗೊಡದ ಬಣ್ಣ. ಅದರ ಮೇಲೆ ಬಿದ್ದ ಹನಿ ಗುಂಡಾಗಿ ಉರುಳುತ್ತ ಧೂಳನ್ನು ಹೊತ್ತೊಯ್ಯುತ್ತದೆ. ಎರಡನೆಯದು ನೀರನ್ನು ಬರಮಾಡಿಕೊಳ್ಳುವ ಬಣ್ಣ. ಅದರೊಳಗಿನ ಟೈಟಾನಿಯಂ ಡೈಆಕ್ಸೈಡ್ ಕಣಗಳು ಬೆಳಕು ಬಿದ್ದಾಗ ಜಿಡ್ಡು, ಹೊಗೆಕಾಡಿಗೆ, ಪಾಚಿಯಂಥ ಸಾವಯವ ಕೊಳೆಯನ್ನು ಒಡೆಯುತ್ತವೆ, ಮಳೆನೀರು ತೆಳುವಾದ ಪರದೆಯಂತೆ ಹರಡಿ ಉಳಿದದ್ದನ್ನು ಇಳಿಸುತ್ತದೆ. ‘ತಾನೇ’ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ತೊಳೆಯುವುದು ಮಳೆ, ಕೊಳೆಯನ್ನು ಸುಡುವುದು ಬಿಸಿಲು. ಬಣ್ಣ ಅವೆರಡಕ್ಕೂ ಅನುವು ಮಾಡಿಕೊಡುತ್ತದೆ, ಅಷ್ಟೇ. ಆದ್ದರಿಂದ ಊರು ಯಾವುದು, ಗೋಡೆ ಯಾವ ದಿಕ್ಕಿಗಿದೆ, ಕೂತ ಕೊಳೆ ಎಂಥದು ಎಂಬುದನ್ನು ಬಿಟ್ಟು ಈ ಬಣ್ಣದ ಬೆಲೆ ಕಟ್ಟಲಾಗದು. ಈ ಲೇಖನದಲ್ಲಿ ಗದಗ ಜಿಲ್ಲೆಯ ಲಕ್ಷ್ಮೇಶ್ವರವನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. ಧೂಳು, ಬಿಸಿಲು, ಕಡಿಮೆ ಮಳೆ ಮೂರೂ ಇರುವ ಬಯಲುಸೀಮೆಯ ಈ ಊರಿನ ಗೋಡೆ ತಂತ್ರಜ್ಞಾನದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ.

ಸುಣ್ಣದಿಂದ ಡಬ್ಬಿಗೆ

ಪುಲಿಗೆರೆ ಎಂಬ ಹಳೆಯ ಹೆಸರಿನ, ಪಂಪನು ತನ್ನ ಕನ್ನಡದ ತಿರುಳಿಗಾಗಿ ನೆನೆದ ಈ ಊರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಗೋಡೆಯನ್ನು ಶುಚಿ ಮಾಡುವುದೆಂದರೆ ಬಹುಕಾಲ ಸುಣ್ಣ ಬಳಿಯುವುದೇ ಆಗಿತ್ತು. ಸುಟ್ಟ ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಿ, ಸೋಸಿ, ಬಿಳುಪು ಎದ್ದು ಕಾಣಲೆಂದು ಚಿಟಿಕೆ ನೀಲಿ ಬೆರೆಸಿ, ನಾರಿನ ಕುಂಚದಿಂದ ಗ್ವಾಡಿಗೆ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ಹಬ್ಬಕ್ಕೆ ಮನೆ ಸಿದ್ಧ. ‘ಸುಣ್ಣಕಾರಣೆ’ ಎಂಬ ಮಾತಿನಲ್ಲಿ ಆ ಇಡೀ ಕೆಲಸ ಅಡಗಿದೆ. ಈ ಪದ್ಧತಿಯಲ್ಲಿ ಒಂದು ರಾಸಾಯನಿಕ ಜಾಣ್ಮೆಯೂ ಇದೆ. ಬಳಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲೇ ಆಗಿ ಗಟ್ಟಿಯಾಗುತ್ತದೆ. ಹಸಿ ಸುಣ್ಣದ ಕಟು ಕ್ಷಾರ ಬೂಷ್ಟನ್ನೂ ಕ್ರಿಮಿಗಳನ್ನೂ ಕೊಲ್ಲುತ್ತದೆ. ಮೇಲ್ಪದರ ವರ್ಷವಿಡೀ ಪುಡಿಪುಡಿಯಾಗಿ ಉದುರುವಾಗ ಕೊಳೆಯೂ ಅದರೊಂದಿಗೆ ಉದುರುತ್ತದೆ. ಮುಂದಿನ ದೀಪಾವಳಿಗೆ ಹೊಸ ಪದರ ಬರುತ್ತದೆ.

ಸಿಮೆಂಟಿನ ಮನೆಗಳು ಬಂದಂತೆ ಸಿಮೆಂಟ್ ಬಣ್ಣ, ಡಿಸ್ಟೆಂಪರ್, ಆಮೇಲೆ ಅಕ್ರಿಲಿಕ್ ಎಮಲ್ಷನ್ ಬಂದವು. ಎಮಲ್ಷನ್ ಬಣ್ಣವೆಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಸೂಕ್ಷ್ಮ ಹನಿಗಳು ಮತ್ತು ಬಣ್ಣದ ಪುಡಿ. ನೀರು ಆರಿದಾಗ ಹನಿಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಈ ಪೊರೆ ಸುಣ್ಣದಂತೆ ಉದುರುವುದಿಲ್ಲ. ಅದು ಇದರ ಹೆಚ್ಚುಗಾರಿಕೆ, ತೊಡಕೂ ಅದೇ. ಬೇಸಗೆಯಲ್ಲಿ ಸ್ವಲ್ಪ ಮೆತ್ತಗಾಗುವ ಪೊರೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊಳೆ ಉಳಿದುಬಿಡುತ್ತದೆ.

ಕರ್ನಾಟಕಕ್ಕೆ ಬಣ್ಣದ ಉದ್ಯಮ ಹೊಸದೇನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಬರುತ್ತಿದೆ. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದಾಗ ಕಪ್ಪಾಗಿ ಚರ್ಮದಲ್ಲಿ ನೆಲೆಯೂರುತ್ತದೆ. ಬೆಳಕಿನಿಂದ ಕಲೆಯನ್ನು ಸ್ಥಿರಗೊಳಿಸುವ ರಸಾಯನ ಅದು, ಬೆಳಕಿನಿಂದ ಕಲೆಯನ್ನು ಅಳಿಸುವ ರಸಾಯನ ಈ ಲೇಖನದ ವಸ್ತು. ದೊಡ್ಡ ಪ್ರಮಾಣದ ಆಧುನಿಕ ತಯಾರಿಕೆಯೂ ಇದೇ ಸೀಮೆಯಲ್ಲಿದೆ. ನಂಜನಗೂಡು ಬಳಿಯ ಕೈಗಾರಿಕಾ ಪ್ರದೇಶದಲ್ಲಿ ಏಷ್ಯನ್ ಪೇಂಟ್ಸ್ ಕಾರ್ಖಾನೆ 2018ರಲ್ಲಿ ಆರಂಭವಾಯಿತು.

ತಾವರೆಯ ದಾರಿ

ನೀರು ಅಂಟದ ಎಲೆಯ ಮಾತು ನಮ್ಮಲ್ಲಿ ಗಾದೆಯಷ್ಟೇ ಹಳೆಯದು. ತಾವರೆ ಎಲೆಯ ಮೇಲಿನ ನೀರಿನಂತೆ ಇರು ಎಂದು ಹಿರಿಯರು ಹೇಳುತ್ತಾರೆ. ಅದರ ಹಿಂದಿನ ಕಾರಣ ಬಿಡಿಸಿದ್ದು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್. 1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಸಾವಿರಾರು ಎಲೆಗಳನ್ನು ನೋಡುತ್ತಿದ್ದಾಗ ಅವರಿಗೆ ಒಂದು ವಿಚಿತ್ರ ಕಂಡಿತು. ನುಣುಪಾದ ಎಲೆಗಳನ್ನು ನೋಡುವ ಮೊದಲು ಪ್ರತಿಸಲವೂ ತೊಳೆಯಬೇಕಾಗುತ್ತಿತ್ತು, ಒರಟು ಎಲೆಗಳು ಮಾತ್ರ ಮೊದಲೇ ಚೊಕ್ಕಟವಾಗಿರುತ್ತಿದ್ದವು. ನುಣುಪಾದದ್ದೇ ಶುಚಿ ಎಂಬ ನಂಬಿಕೆ ಅಲ್ಲಿಗೆ ತಲೆಕೆಳಗಾಯಿತು. ತಾವರೆ ಎಲೆಯ ಮೇಲೆ ಕೆಲವೇ ಮೈಕ್ರೊಮೀಟರ್ ಎತ್ತರದ ಗುಬ್ಬಿಗಳಿವೆ, ಗುಬ್ಬಿಗಳ ಮೈತುಂಬ ಸುಮಾರು ನೂರು ನ್ಯಾನೊಮೀಟರ್ ದಪ್ಪದ ಮೇಣದ ಕೊಳವೆಗಳಿವೆ. ಹನಿ ಈ ತುದಿಗಳ ಮೇಲಷ್ಟೇ ಕೂರುತ್ತದೆ, ಕೆಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಧೂಳಿನ ಕಣವೂ ತುದಿಗಳ ಮೇಲೇ ಕುಳಿತಿರುವುದರಿಂದ ಅದಕ್ಕೆ ಎಲೆಯ ಹಿಡಿತಕ್ಕಿಂತ ಹನಿಯ ಹಿಡಿತ ಹೆಚ್ಚು. ಹನಿ ಉರುಳಿದರೆ ಧೂಳೂ ಹೋಯಿತು. ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್ ಇದನ್ನು 1997ರಲ್ಲಿ ವಿವರವಾಗಿ ಪ್ರಕಟಿಸಿದರು. ಎರಡೇ ವರ್ಷಕ್ಕೆ, 1999ರಲ್ಲಿ, ‘ಲೋಟುಸಾನ್’ ಎಂಬ ಸಿಲಿಕೋನ್ ಅಂಟಿನ ಹೊರಗೋಡೆ ಬಣ್ಣ ಜರ್ಮನಿಯ ಮಾರುಕಟ್ಟೆಗೆ ಬಂತು.

ಲಕ್ಷ್ಮೇಶ್ವರದವರಿಗೆ ಇದೇ ಪಾಠ ಹೇಳುವ ಇನ್ನೊಂದು ಗುರು ಹತ್ತಿರದಲ್ಲೇ ಇದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಾರಿ ಬರುತ್ತವೆ. ಗಂಟೆಗಟ್ಟಲೆ ನೀರಲ್ಲಿದ್ದರೂ ಅವುಗಳ ಗರಿ ತೊಯ್ಯುವುದಿಲ್ಲ. ಗರಿಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಕಾರಣ. ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿದ್ದ ಕ್ಯಾಸಿ ಮತ್ತು ಬ್ಯಾಕ್ಸ್ಟರ್ 1944ರಲ್ಲಿ ರಂಧ್ರಯುಕ್ತ ಮೇಲ್ಮೈ ಒದ್ದೆಯಾಗುವ ಬಗೆಗೆ ಸಮೀಕರಣ ಬರೆದಾಗ ಅವರ ಮುಂದಿದ್ದ ಉದಾಹರಣೆಗಳಲ್ಲಿ ಬಾತುಕೋಳಿಯ ಗರಿಯೂ ಒಂದು. ಇಂದಿಗೂ ಈ ಬಗೆಯ ಬಣ್ಣಗಳ ಲೆಕ್ಕ ಆ ಸಮೀಕರಣದಿಂದಲೇ ಶುರುವಾಗುತ್ತದೆ.

ಅಳತೆ ಸರಳ. ಮೇಲ್ಮೈಗೂ ಹನಿಯ ಅಂಚಿಗೂ ನಡುವಿನ ಸಂಪರ್ಕ ಕೋನ 90 ಡಿಗ್ರಿ ಮೀರಿದರೆ ಆ ಮೇಲ್ಮೈ ನೀರನ್ನು ಒಲ್ಲದ್ದು. 150 ಮೀರಿ, ಹತ್ತು ಡಿಗ್ರಿಗಿಂತ ಕಡಿಮೆ ಓರೆಗೇ ಹನಿ ಉರುಳಿದರೆ ಅದು ತಾವರೆಯ ಮಟ್ಟ. ಬಣ್ಣದಲ್ಲಿ ಈ ಒರಟುತನ ತರಲು ಮೇಲ್ಮೈಗೆ ಸಿಲಿಕೋನ್ ಲೇಪಿಸಿದ ಸಿಲಿಕಾ ನ್ಯಾನೊ ಕಣಗಳನ್ನು ಸೇರಿಸುತ್ತಾರೆ. ತೊಂದರೆ ಇರುವುದು ಬಾಳಿಕೆಯಲ್ಲಿ. ತಾವರೆ ಸವೆದ ಮೇಣವನ್ನು ಮತ್ತೆ ಬೆಳೆಸಿಕೊಳ್ಳುತ್ತದೆ, ಗೋಡೆಗೆ ಆ ಭಾಗ್ಯವಿಲ್ಲ. ಒಂದು ಸಲ ಒರಟು ಬಟ್ಟೆಯಿಂದ ಉಜ್ಜಿದರೆ, ಎತ್ತು ಮೈ ತಿಕ್ಕಿದರೆ, ಸೂಕ್ಷ್ಮ ತುದಿಗಳು ಮುರಿದುಹೋಗುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ 2015ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಕಣಗಳಿಗೆ ಫ್ಲೋರಿನ್ ಇರುವ ಲೇಪ ಕೊಟ್ಟು, ಕೆಳಗೆ ಅಂಟು ಹಾಕಿ, ಉಜ್ಜಿದರೂ ಗೀರಿದರೂ ಗುಣ ಬಿಡದ ಬಣ್ಣವೊಂದನ್ನು ತೋರಿಸಿತು. ಪ್ರಯೋಗಶಾಲೆಯಲ್ಲಿ ಅದು ನಿಜವಾದ ಮುನ್ನಡೆ. ಆದರೆ ಇಂಥ ಫ್ಲೋರಿನ್ ಸಂಯುಕ್ತಗಳು ಮಣ್ಣು ನೀರುಗಳಲ್ಲಿ ಕೊಳೆಯದೆ ಉಳಿಯುವಂಥವು. ಊರ ತುಂಬ ಬಳಿಯುವ ಬಣ್ಣಕ್ಕೆ ಆ ದಾರಿ ಸರಿಯೆಂದು ಈ ಲೇಖಕರಿಗೆ ತೋರುವುದಿಲ್ಲ.

ಬಿಸಿಲಿನ ದಾರಿ

ಎರಡನೆಯ ಕುಲದ ಮೂಲ ಜಪಾನಿನಲ್ಲಿದೆ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಅಕಿರಾ ಫುಜಿಶಿಮಾ 1967ರಲ್ಲಿ ನೀರಿನೊಳಗಿಟ್ಟ ಟೈಟಾನಿಯಂ ಡೈಆಕ್ಸೈಡ್ ಹರಳಿಗೆ ಬೆಳಕು ಬಿಟ್ಟಾಗ ಗುಳ್ಳೆಗಳೇಳುವುದನ್ನು ಕಂಡರು. ಬೆಳಕು ನೀರನ್ನು ಒಡೆಯುತ್ತಿತ್ತು. ಗುರು ಕೆನಿಚಿ ಹೊಂಡಾ ಅವರೊಂದಿಗೆ 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಆ ಶೋಧ ಮೊದಲಿಗೆ ಇಂಧನದ ಕನಸಾಗಿತ್ತು, ಆಮೇಲೆ ಶುಚಿತ್ವದ ಉಪಾಯವಾಯಿತು. ಇದೇ ಹರಳು ಬೆಳಕಿನಲ್ಲಿ ನೀರನ್ನು ಅತಿಯಾಗಿ ಸೆಳೆಯುತ್ತದೆ ಎಂಬುದು 1997ರಲ್ಲಿ ತಿಳಿಯಿತು. ಜಪಾನಿನ ಟೋಟೊ ಕಂಪನಿ ಹೆಂಚುಗಳಿಗೆ ಅದನ್ನು ಬಳಸಿತು, 2001ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ತಾನೇ ಶುಚಿಗೊಳ್ಳುವ ಕಿಟಕಿ ಗಾಜನ್ನು ತಂದಿತು. ರೋಮ್ ನಗರದಲ್ಲಿ ರಿಚರ್ಡ್ ಮೈಯರ್ ವಿನ್ಯಾಸ ಮಾಡಿದ, 2003ರಲ್ಲಿ ತೆರೆದ ಜುಬಿಲಿ ಚರ್ಚಿನ ಹಾಯಿಯಾಕಾರದ ಬಿಳಿ ಗೋಡೆಗಳು ಈ ತಂತ್ರದ ಅತ್ಯಂತ ಹೆಸರಾದ ಉದಾಹರಣೆ. ಅಲ್ಲಿ ಕಣಗಳು ಬೆರೆತಿರುವುದು ಸಿಮೆಂಟಿನಲ್ಲೇ.

ಕೆಲಸ ನಡೆಯುವ ಬಗೆ ಹೀಗೆ. ಟೈಟಾನಿಯಂ ಡೈಆಕ್ಸೈಡಿಗೆ ಅನಟೇಸ್, ರೂಟೈಲ್ ಎಂಬ ಎರಡು ಮುಖ್ಯ ಹರಳುರೂಪಗಳಿವೆ. ಅನಟೇಸ್ ಮೇಲೆ 387 ನ್ಯಾನೊಮೀಟರಿಗಿಂತ ಕಿರಿದಾದ ತರಂಗದ ಬೆಳಕು, ಅಂದರೆ ಅತಿನೇರಳೆ ಬಿದ್ದಾಗ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟೇಳುತ್ತದೆ. ಅದು ಗಾಳಿಯ ಆಮ್ಲಜನಕವನ್ನು ಕೆಣಕುತ್ತದೆ, ಖಾಲಿಯಾದ ಜಾಗ ತೇವದಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಹುಟ್ಟಿದ ಹೈಡ್ರಾಕ್ಸಿಲ್ ತುಣುಕುಗಳು ಎದುರಿಗೆ ಸಿಕ್ಕ ಎಣ್ಣೆ, ಕಾಡಿಗೆ, ಪಾಚಿಯ ಅಣುಗಳನ್ನು ಹಂತಹಂತವಾಗಿ ಕತ್ತರಿಸಿ ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತವೆ. ಉರಿಯಿಲ್ಲದ ಸುಡುವಿಕೆ ಇದು. ಕಣ ಮಾತ್ರ ಖರ್ಚಾಗುವುದಿಲ್ಲ, ಹಾಗಾಗಿಯೇ ಇದಕ್ಕೆ ಬೆಳಕಿನ ವೇಗವರ್ಧಕ ಎಂದು ಹೆಸರು.

ನ್ಯಾನೊ ಗಾತ್ರ ಬೇಕಾಗುವುದು ಮೇಲ್ಮೈಗಾಗಿ. ಕೆಲಸವೆಲ್ಲ ಕಣದ ಹೊರಮೈಯಲ್ಲೇ ನಡೆಯುವುದರಿಂದ ಕಣ ಚಿಕ್ಕದಾದಷ್ಟೂ ಲಾಭ. ಪ್ರಯೋಗಶಾಲೆಗಳಲ್ಲಿ ಮಾದರಿಯಾಗಿ ಬಳಸುವ ‘ಪಿ 25’ ಎಂಬ ಪುಡಿಯ ಕಣಗಳು ಸುಮಾರು 21 ನ್ಯಾನೊಮೀಟರ್. ಅದರ ಒಂದು ಗ್ರಾಂ ಪುಡಿಯ ಒಟ್ಟು ಹೊರಮೈ ಸುಮಾರು 50 ಚದರ ಮೀಟರ್. ಮೂವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲದ ಮನೆಯ ಇಡೀ ನೆಲದಷ್ಟು ಜಾಗ ಒಂದು ಚಿಟಿಕೆಯಲ್ಲಿದೆ.

ಇಲ್ಲೊಂದು ಗೊಂದಲ ನಿವಾರಿಸಬೇಕು. ‘ನಮ್ಮ ಬಣ್ಣದಲ್ಲಿ ಟೈಟಾನಿಯಂ ಇದೆ’ ಎಂದ ಮಾತ್ರಕ್ಕೆ ಅದು ತಾನೇ ಶುಚಿಗೊಳ್ಳುವ ಬಣ್ಣವಲ್ಲ. ಇಂದಿನ ಬಿಳಿ ಬಣ್ಣದ ಡಬ್ಬಿಗಳ ಬಿಳುಪು ಬಹುಮಟ್ಟಿಗೆ ಟೈಟಾನಿಯಂ ಡೈಆಕ್ಸೈಡಿನದೇ. ನೆರೆಯ ಕೇರಳದ ಚವರ ಕಡಲತೀರದ ಕಪ್ಪು ಮರಳಿನಿಂದ ಅಲ್ಲಿನ ಸರ್ಕಾರಿ ಕಾರ್ಖಾನೆ ರೂಟೈಲ್ ಪುಡಿ ತಯಾರಿಸುತ್ತದೆ, ತಿರುವನಂತಪುರದ ಇನ್ನೊಂದು ಕಾರ್ಖಾನೆ ಅನಟೇಸ್ ತಯಾರಿಸುತ್ತದೆ. ಬಿಳುಪಿಗೆ ಬಳಸುವ ಕಣದ ಗಾತ್ರ 200ರಿಂದ 300 ನ್ಯಾನೊಮೀಟರ್, ಬೆಳಕನ್ನು ಚೆನ್ನಾಗಿ ಚದುರಿಸಲು ತಕ್ಕ ಗಾತ್ರ. ಅದು ಬೆಳಕಿನಲ್ಲಿ ಕೆರಳಬಾರದೆಂದು ಅಲ್ಯುಮಿನಾ, ಸಿಲಿಕಾಗಳ ಅಂಗಿ ತೊಡಿಸಿರುತ್ತಾರೆ. ಶುಚಿಗೊಳಿಸುವ ಕಣ ಚಿಕ್ಕದು, ಅಂಗಿಯಿಲ್ಲದ್ದು, ಕೆರಳಬೇಕಾದದ್ದು. ಒಂದೇ ವಸ್ತು, ಎರಡು ವಿರುದ್ಧ ಕೆಲಸ.

ಅಂಗಿಯಿಲ್ಲದ ಕಣ ಕೊಳೆಯನ್ನು ಮಾತ್ರ ಆರಿಸಿ ತಿನ್ನುವುದಿಲ್ಲ, ತನ್ನನ್ನು ಹಿಡಿದಿಟ್ಟ ಅಕ್ರಿಲಿಕ್ ಅಂಟನ್ನೂ ತಿನ್ನುತ್ತದೆ. ಹೀಗೆ ಅಂಟು ಸವೆದು ಬಣ್ಣ ಸೀಮೆಸುಣ್ಣದಂತೆ ಕೈಗೆ ಹತ್ತುವುದನ್ನು ಬಣ್ಣದವರು ಬಲ್ಲರು. ಟೈಟಾನಿಯಂ ಬಿಳಿಯೊಂದಿಗೆ ಬೆರೆತ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆಂದು ಜರ್ಮನಿಯ ಕೈಡೆಲ್ 1929ರಲ್ಲೇ ಬರೆದಿದ್ದರು. 20ನೇ ಶತಮಾನದ ನಡುಭಾಗದಲ್ಲಿ ಅಮೆರಿಕದಲ್ಲಿ ಇದೇ ದೋಷವನ್ನು ಗುಣವಾಗಿಸಿಕೊಂಡು, ಮೇಲ್ಪದರ ಪುಡಿಯಾಗಿ ಮಳೆಯಲ್ಲಿ ಇಳಿದುಹೋಗುವ ಅನಟೇಸ್ ಬಿಳಿ ಬಣ್ಣವನ್ನು ತಾನೇ ಶುಚಿಗೊಳ್ಳುವ ಬಣ್ಣವೆಂದು ಮಾರಿದ್ದೂ ಉಂಟು. ನಮ್ಮ ಸುಣ್ಣ ಮಾಡುತ್ತಿದ್ದುದೂ ಅದನ್ನೇ. ಇಂದಿನ ಪರಿಹಾರ ಸಾವಯವವಲ್ಲದ ಅಂಟು. ಜರ್ಮನಿಯ ಆಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಪೊಟ್ಯಾಸಿಯಂ ಸಿಲಿಕೇಟ್ ಬಣ್ಣ, ಇಲ್ಲವೆ ಸಿಲಿಕೋನ್ ರಾಳ. ಈ ಅಂಟುಗಳನ್ನು ಕಣ ಸುಲಭದಲ್ಲಿ ಸುಡಲಾರದು. ಬೆಳಕಿನ ವೇಗವರ್ಧಕ ಬಣ್ಣ ಕೊಳ್ಳುವವರು ಡಬ್ಬಿಯ ಮೇಲೆ ಮೊದಲು ಹುಡುಕಬೇಕಾದದ್ದು ನ್ಯಾನೊ ಎಂಬ ಪದವನ್ನಲ್ಲ, ಅಂಟಿನ ಹೆಸರನ್ನು.

ಮನೆಯೊಳಗೆ ಈ ಬಣ್ಣ ಬಳಿಯುವುದು ಬೇಡ ಎಂಬುದಕ್ಕೆ ಎರಡು ಕಾರಣಗಳಿವೆ. ಒಳಗಿನ ದೀಪಗಳಲ್ಲಿ ಅತಿನೇರಳೆ ತೀರ ಕಡಿಮೆ. ಜೊತೆಗೆ ಅಂಟು ಅರೆಬರೆ ಒಡೆದಾಗ ಫಾರ್ಮಾಲ್ಡಿಹೈಡ್‌ನಂಥ ಕೆಟ್ಟ ಆವಿ ಹೊರಬರಬಹುದೆಂದು ಪ್ರಯೋಗಗಳು ತೋರಿಸಿವೆ. ಸಾರಜನಕ ಬೆರೆಸಿದ ಟೈಟಾನಿಯಂ ಡೈಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಕೆಲಸ ಮಾಡುತ್ತದೆಂದು ಜಪಾನಿನ ಆಸಾಹಿ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರಾದರೂ ಎರಡನೆಯ ಕಾರಣ ಅದರಿಂದ ಅಳಿಯುವುದಿಲ್ಲ.

ಲಕ್ಷ್ಮೇಶ್ವರದ ಗೋಡೆ

ಗದಗದಿಂದ ಸುಮಾರು 40 ಕಿ.ಮೀ. ದೂರದ ಈ ಊರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬಿಸಿಲಿಗೆ ಬರವಿಲ್ಲ. ನೆಲ ಮುಟ್ಟುವ ಸೂರ್ಯಶಕ್ತಿಯಲ್ಲಿ ಅತಿನೇರಳೆಯ ಪಾಲು ನೂರಕ್ಕೆ ಐದರಷ್ಟೇ ಆದರೂ ಇಲ್ಲಿನ ಬೇಸಗೆಯಲ್ಲಿ ಅಷ್ಟು ಧಾರಾಳವಾಗಿ ಸಾಕು. ಜರ್ಮನಿಯ ಮೋಡಕ್ಕಿಂತ ಈ ಬಣ್ಣಕ್ಕೆ ಈ ಆಕಾಶ ಒಳ್ಳೆಯದು. ಕೊರತೆ ಇರುವುದು ನೀರಿನದು. ಗದಗ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 600 ಮಿ.ಮೀ. ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಬಂದುಹೋಗುತ್ತದೆ. ಹಿಂಗಾರು ಮುಗಿದ ಮೇಲೆ ಬೇಸಗೆಯ ಅಡ್ಡಮಳೆಗಳವರೆಗೆ ಗೋಡೆಗೆ ನೀರು ಕಾಣುವುದು ಅಪರೂಪ. ಸರಿಯಾಗಿ ಅದೇ ತಿಂಗಳುಗಳಲ್ಲಿ ರಾಶಿ, ಸುಗ್ಗಿ, ಎತ್ತಿನ ಗಾಡಿ, ಟ್ರಾಕ್ಟರು, ಹತ್ತಿ ಮತ್ತು ಶೇಂಗಾದ ಸಾಗಾಟ. ಧೂಳೇಳುವುದು ಆಗಲೇ.

ಆ ಧೂಳು ಎಂಥದೆಂಬುದೂ ಮುಖ್ಯ. ಎರೆ ಹೊಲದ ಧೂಳು ಖನಿಜ, ನೀರು ಹೀರಿ ಉಬ್ಬುವ ಜೇಡಿ. ಬೆಳಕಿನ ವೇಗವರ್ಧಕ ಸುಡುವುದು ಇಂಗಾಲದ ಅಣುಗಳನ್ನು. ಮಣ್ಣನ್ನು ಅದು ಏನೂ ಮಾಡಲಾರದು. ಆದ್ದರಿಂದ ಬಸ್ ನಿಲ್ದಾಣದ ಬಳಿಯ ಡೀಸೆಲ್ ಹೊಗೆ, ಚಹದಂಗಡಿಯ ಎಣ್ಣೆ ಜಿಡ್ಡು, ಮಾಳಿಗೆಯ ಟಾಕಿ ಸೋರುವಲ್ಲಿ ಏಳುವ ಪಾಚಿ, ಇವು ಟೈಟಾನಿಯಂ ಬಣ್ಣಕ್ಕೆ ತಕ್ಕ ಎದುರಾಳಿಗಳು. ಹೊಲದಂಚಿನ ಮನೆಯ ಎರೆ ಧೂಳು ಮಳೆಗೇ ಕಾಯಬೇಕು. ಮಳೆಯೂ ಜೋರಾಗಿ ಬರಬೇಕು. ಮುಂಗಾರಿಗೆ ಮೊದಲು ನಾಲ್ಕು ಹನಿ ಉದುರಿಸಿ ಹೋಗುವ ಮಳೆಯನ್ನು ಗಮನಿಸಿದವರಿಗೆ ಗೊತ್ತು: ಆರು ತಿಂಗಳ ಧೂಳು ಹೊತ್ತ ಗೋಡೆಯ ಮೇಲೆ ಒಂದೊಂದು ಹನಿಯೂ ಒಂದು ಕೆಸರ ಬೊಟ್ಟಾಗುತ್ತದೆ, ಅರ್ಧ ಅಡಿ ಜಾರಿ ನಿಂತು ಒಣಗಿ ಕಂದು ಗೆರೆಯಾಗುತ್ತದೆ. ನೀರು ಅಂಟದ ಬಣ್ಣದ ಮೇಲೂ ಹೀಗಾಗಬಹುದು, ಏಕೆಂದರೆ ಹನಿಗೆ ಆಗ ತಾಗುವುದು ಬಣ್ಣವಲ್ಲ, ಬಣ್ಣದ ಮೇಲಿನ ಮಣ್ಣಿನ ಪದರ. ಕಾರಹುಣ್ಣಿಮೆಯ ಹೊತ್ತಿಗೆ ಹದವಾದ ದೊಡ್ಡ ಮಳೆ ಬಿದ್ದ ಮೇಲೆಯೇ ಗೋಡೆಯ ನಿಜವಾದ ಪರೀಕ್ಷೆ.

ದಿಕ್ಕಿನ ವಿಚಾರವನ್ನು ಕಂಪನಿಗಳ ಕೈಪಿಡಿಗಳು ಅಷ್ಟಾಗಿ ಹೇಳುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಉತ್ತರದ ಗೋಡೆಗೆ ಇಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ, ಆಕಾಶದ ಚದುರಿದ ಬೆಳಕಷ್ಟೇ. ಮೇ ಆರಂಭದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿದಾಗ ಅದಕ್ಕೆ ಬಿಸಿಲುಂಟು, ಆದರೆ ಆಗ ಅರ್ಧಕಾಲ ಮೋಡ. ಮುಂಗಾರು ಮಳೆ ನೈಋತ್ಯದ ಗಾಳಿಯೊಂದಿಗೆ ಬಡಿಯುವುದರಿಂದ ಪಡುವಣ ಗೋಡೆ ಚೆನ್ನಾಗಿ ತೊಳೆದುಕೊಳ್ಳುತ್ತದೆ, ಸಂಜೆಯ ಬಿಸಿಲೂ ಅದಕ್ಕೇ. ಬೆಲೆಯ ಬಣ್ಣ ಹಾಕುವುದಿದ್ದರೆ ಇಲ್ಲಿ ಮೊದಲ ಹಕ್ಕು ಪಡುವಣ ಗೋಡೆಯದು. ಸಜ್ಜಾದ ಕೆಳಗೆ, ಪಡಸಾಲೆಯ ಒಳಗೆ ಮಳೆ ತಾಗದ ಕಡೆ ಹಾಕಿದರೆ ಹಣ ವ್ಯರ್ಥ.

ಮಳೆ ಇಲ್ಲದಿದ್ದರೇನು, ಪೈಪಿನಿಂದ ನೀರು ಹೊಡೆದರಾಯಿತು ಎನ್ನುವವರಿದ್ದಾರೆ. ಈ ಜಿಲ್ಲೆಯ ಕೊಳವೆಬಾವಿಗಳ ನೀರು ಬಹಳ ಕಡೆ ಗಡಸು. ಗೋಡೆಯ ಮೇಲೆ ಆರಿದ ಗಡಸು ನೀರು ಬಿಳಿ ಉಪ್ಪಿನ ಪೊರೆ ಬಿಡುತ್ತದೆ, ಆ ಪೊರೆ ಕಣಗಳಿಗೂ ಬಿಸಿಲಿಗೂ ನಡುವೆ ಪರದೆಯಾಗಿ ನಿಲ್ಲುತ್ತದೆ. ಬರದ ಜಿಲ್ಲೆಯಲ್ಲಿ ಗೋಡೆಗೆ ನೀರು ಚೆಲ್ಲುವುದು ತಪ್ಪೆಂಬುದು ಬೇರೆ ಮಾತು.

ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಗಳಿಗೆ ಈ ಬಣ್ಣ ಸಲ್ಲದು. ತಳಪಾಯದಿಂದ ಮೇಲೇರುವ ತೇವ ಮಣ್ಣು ಮತ್ತು ಸುಣ್ಣದ ಗಿಲಾವಿನ ಮೂಲಕ ಹೊರಗೆ ಆರುತ್ತಿರಬೇಕು. ಪೊರೆ ಕಟ್ಟುವ ಬಣ್ಣ ಅದನ್ನು ಒಳಗೇ ತಡೆದರೆ ಸವಳು ಎದ್ದು ಗಿಲಾವು ಹಕ್ಕಳೆ ಹಕ್ಕಳೆಯಾಗಿ ಬಿಡುತ್ತದೆ. ಅಂಥ ಗೋಡೆಗೆ ಸುಣ್ಣವೇ ಸರಿ.

ಧೂಳಿನದೇ ಸಮಸ್ಯೆ ಇನ್ನೂ ದೊಡ್ಡ ಅಳತೆಯಲ್ಲಿ ಕಾಣುವುದು ತುಮಕೂರು ಜಿಲ್ಲೆಯ ಪಾವಗಡದಲ್ಲಿ. 2,050 ಮೆಗಾವ್ಯಾಟಿನ ಅಲ್ಲಿನ ಸೌರ ಉದ್ಯಾನದಂಥ ಕಡೆ ಫಲಕಗಳ ಮೇಲೆ ಧೂಳು ಕುಳಿತಷ್ಟೂ ವಿದ್ಯುತ್ ಇಳಿಯುತ್ತದೆ. ಗೋಡೆ ಬಣ್ಣಕ್ಕೆಂದು ಹುಟ್ಟಿದ ಈ ಎರಡೂ ಕುಲದ ಲೇಪಗಳನ್ನು ಸೌರಫಲಕದ ಗಾಜಿಗೆ ಹೊಂದಿಸುವ ಸಂಶೋಧನೆ ಲೋಕದಾದ್ಯಂತ ನಡೆದಿದೆ. ಬಯಲುಸೀಮೆಗೆ ಗೋಡೆಗಿಂತ ಹೆಚ್ಚಿನ ಲಾಭ ಅಲ್ಲಿಂದ ಬಂದೀತು. 2007ರಲ್ಲಿ ಕೇಂದ್ರ ಸರ್ಕಾರ ಸಾವಿರ ಕೋಟಿ ರೂಪಾಯಿಯ ನ್ಯಾನೊ ಮಿಷನ್ ಆರಂಭಿಸಿದಾಗ ಅದರ ಮಂಡಳಿಯ ಮುಂದಾಳಾಗಿದ್ದವರು ಕನ್ನಡಿಗರೇ ಆದ ಸಿ.ಎನ್.ಆರ್. ರಾವ್. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನಗಳ ಕೇಂದ್ರ ಮೂರೂ ಇವೆ. ಎರೆ ಮಣ್ಣಿನ ಧೂಳಿಗೆ, ಆರು ತಿಂಗಳ ಒಣಹವೆಗೆ ಹೊಂದುವ ಲೇಪ ಇಲ್ಲಿಂದಲೇ ಬರಬೇಕು, ಯುರೋಪಿನ ಮಳೆಗೆ ತಯಾರಾದ ಸೂತ್ರ ನಮಗೆ ಅರ್ಧವೇ ಒಗ್ಗುತ್ತದೆ.

ಗಾಳಿ ಶುದ್ಧಿಯ ಮಾತು

ಬೆಳಕಿನ ವೇಗವರ್ಧಕ ಬಣ್ಣ ವಾಹನಗಳ ಹೊಗೆಯ ನೈಟ್ರೊಜನ್ ಆಕ್ಸೈಡುಗಳನ್ನು ನೈಟ್ರೇಟ್ ಆಗಿಸಿ ಗಾಳಿಯನ್ನೂ ಶುದ್ಧ ಮಾಡುತ್ತದೆ ಎಂಬ ಹೇಳಿಕೆ ಇದೆ. ಪ್ರಯೋಗಶಾಲೆಯ ಡಬ್ಬಿಯೊಳಗೆ ಅದು ನಿಜ. ರೋಮ್‌ನ ಉಂಬರ್ಟೊ ಸುರಂಗಕ್ಕೆ 2007ರಲ್ಲಿ ಬಳಿದಾಗ ಇಳಿಕೆ ಕಂಡುಬಂತೆಂದು ವರದಿಯಾಯಿತು. ಬ್ರಸೆಲ್ಸ್‌ನ ಲಿಯೊಪೋಲ್ಡ್ ಸುರಂಗದಲ್ಲಿ ಯುರೋಪಿನ ಸಂಶೋಧಕರು ಅಳೆದಾಗ ಗಮನಿಸಬಹುದಾದ ಇಳಿಕೆ ಸಿಗಲಿಲ್ಲ. ಬ್ರಿಟನ್ನಿನ ವಾಯುಗುಣಮಟ್ಟ ತಜ್ಞರ ಸಮಿತಿ 2016ರಲ್ಲಿ ಇಂಥ ಬಣ್ಣಗಳಿಂದ ಊರಿನ ಗಾಳಿ ಸುಧಾರಿಸುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಹೇಳಿತು. ಗೋಡೆಗೆ ತಾಗಿದ ಗಾಳಿ ಮಾತ್ರ ಶುದ್ಧವಾದೀತು, ಬೀದಿಯ ಗಾಳಿಯಲ್ಲಿ ಬಹುಪಾಲು ಗೋಡೆಗೆ ತಾಗದೆಯೇ ಸಾಗುತ್ತದೆ.

ಆರೋಗ್ಯ ಮತ್ತು ನೀರು

ಗೋಡೆಯ ಮೇಲೆ ಆರಿದ ಬಣ್ಣದಲ್ಲಿ ಕಣಗಳು ಅಂಟಿನೊಳಗೆ ಸೆರೆಯಾಗಿರುತ್ತವೆ, ಮನೆಯಲ್ಲಿ ವಾಸಿಸುವವರಿಗೆ ಅದರಿಂದ ದೊಡ್ಡ ಭಯವಿಲ್ಲ. ಅಪಾಯಕ್ಕೆ ಮೊದಲು ಒಡ್ಡಿಕೊಳ್ಳುವವರು ಬಣ್ಣದವರು. ಸ್ಪ್ರೇ ಹೊಡೆಯುವಾಗ, ಹಳೆಯ ಬಣ್ಣವನ್ನು ಪಾಲಿಶ್ ಕಾಗದದಿಂದ ಉಜ್ಜುವಾಗ ಏಳುವ ಪುಡಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಉಸಿರಿನಲ್ಲಿ ಸೇರುವ ಟೈಟಾನಿಯಂ ಡೈಆಕ್ಸೈಡ್ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ‘2ಬಿ’ ಗುಂಪಿನಲ್ಲಿಟ್ಟಿದೆ. ಮೂಗಿಗೆ ಟವೆಲ್ಲು ಕಟ್ಟಿಕೊಂಡು ಏಣಿ ಹತ್ತುವುದು ನಮ್ಮೂರುಗಳ ರೂಢಿ. ಅದು ಇಷ್ಟು ಸಣ್ಣ ಕಣವನ್ನು ತಡೆಯದು. ಕಣ ಸೋಸುವ ಮಾಸ್ಕನ್ನು ಮನೆಯ ಯಜಮಾನರೇ ಕೊಡಿಸಬೇಕು. ಹಳೆಯ ಬಣ್ಣದಲ್ಲಿ ಸೀಸವಿದ್ದೀತೆಂಬುದೂ ನೆನಪಿರಲಿ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಭಾರತದ ನಿಯಮ 2016ರದು, ಅದಕ್ಕೂ ಹಿಂದಿನ ಗೋಡೆಗಳು ಬೇಕಾದಷ್ಟಿವೆ.

ಮಳೆ ಇಳಿಸಿದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ಕೇಳಿದರು. ಹೊಸದಾಗಿ ಬಳಿದ ಹೊರಗೋಡೆಗಳಿಂದ ಟೈಟಾನಿಯಂ ಡೈಆಕ್ಸೈಡ್ ನ್ಯಾನೊ ಕಣಗಳು ಮಳೆನೀರಿನೊಂದಿಗೆ ತೊರೆ ಸೇರುವುದನ್ನು 2008ರಲ್ಲಿ ಅವರು ತೋರಿಸಿದರು. ಬೂಷ್ಟು ತಡೆಯಲೆಂದು ಬೆಳ್ಳಿಯ ನ್ಯಾನೊ ಕಣ ಸೇರಿಸಿದ ಬಣ್ಣವನ್ನು ಮಾದರಿ ಮನೆಯೊಂದಕ್ಕೆ ಬಳಿದು ನೋಡಿದಾಗ ಒಂದೇ ವರ್ಷದಲ್ಲಿ ಬೆಳ್ಳಿಯ ಶೇ. 30ಕ್ಕೂ ಹೆಚ್ಚು ಪಾಲು ತೊಳೆದುಹೋಗಿತ್ತು. ಬೆಳ್ಳಿ ನೀರಿನ ಸೂಕ್ಷ್ಮಜೀವಿಗಳಿಗೆ ವಿಷ. ಚರಂಡಿ ನೀರು ಹಳ್ಳ ಸೇರಿ ಕೆರೆ ತಲುಪುವ ನಾಡಿನಲ್ಲಿ, ಹೆಬ್ಬಾತುಗಳು ಇಳಿಯುವ ಕೆರೆಯ ಮಗ್ಗುಲಲ್ಲಿ, ಬೆಳ್ಳಿ ಬೆರೆತ ಬಣ್ಣ ಬೇಡವೆನ್ನಲು ಇಷ್ಟು ಸಾಕು. ಸೂರಿನ ಮಳೆನೀರನ್ನು ಕುಡಿಯಲು ಹಿಡಿಯುವ ಮನೆಗಳು ಗೋಡೆಯಿಂದ ಇಳಿದ ನೀರನ್ನು ಅದರೊಂದಿಗೆ ಬೆರೆಸಬಾರದು.

ಪರೀಕ್ಷೆ

ಪ್ರಯೋಗಶಾಲೆಗಳಿಗೆ ಅಂತರರಾಷ್ಟ್ರೀಯ ಮಾನಕಗಳಿವೆ. ಐಎಸ್‌ಒ 27448ರಲ್ಲಿ ಮೇಲ್ಮೈಗೆ ಓಲಿಕ್ ಆಮ್ಲದ ಜಿಡ್ಡು ಹಚ್ಚಿ, ಅತಿನೇರಳೆ ಬೆಳಕಿನಲ್ಲಿಟ್ಟು, ಹನಿಯ ಸಂಪರ್ಕ ಕೋನ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಐಎಸ್‌ಒ 10678ರಲ್ಲಿ ಮೆಥಿಲೀನ್ ನೀಲಿ ಎಷ್ಟು ಬೇಗ ಮಾಸಿತೆಂದು ನೋಡುತ್ತಾರೆ. ಬಣ್ಣ ಕೊಳ್ಳುವಾಗ ಇಂಥ ಪರೀಕ್ಷೆಯ ವರದಿ ಕೇಳುವುದು ಗ್ರಾಹಕರ ಹಕ್ಕು. ‘ಧೂಳು ಹಿಡಿಯದ’, ‘ನ್ಯಾನೊ’ ಎಂಬ ಮಾತು ಡಬ್ಬಿಯ ಮೇಲಿದ್ದ ಮಾತ್ರಕ್ಕೆ ಅದು ಪರೀಕ್ಷೆ ಗೆದ್ದ ಬಣ್ಣವಲ್ಲ.

ಮನೆಯಲ್ಲೂ ನೋಡಬಹುದು. ಎರಡು ಹಂಚಿನ ತುಂಡುಗಳಿಗೆ ಒಂದಕ್ಕೆ ಸಾಮಾನ್ಯ ಎಮಲ್ಷನ್, ಇನ್ನೊಂದಕ್ಕೆ ಹೊಸ ಬಣ್ಣ ಎರಡೆರಡು ಕೋಟು ಬಳಿದು ವಾರ ಆರಬಿಡಿ. ಚಮಚೆಯಿಂದ ನೀರು ಬಿಡಿ. ಹನಿ ಮಣಿಯಂತೆ ಓಡಿದರೆ ಮೊದಲ ಕುಲ, ಬಿಸಿಲಿಗಿಟ್ಟ ಮೇಲೆ ಹಾಳೆಯಂತೆ ಹರಡಿದರೆ ಎರಡನೆಯದು, ಎರಡೂ ಅಲ್ಲದಿದ್ದರೆ ಅದು ಸಾಮಾನ್ಯ ಬಣ್ಣವೇ. ಕಲೆಯ ಪರೀಕ್ಷೆಗೆ ಅರಿಶಿನದ ನೀರು ಹಾಕಬೇಡಿ. ಅರಿಶಿನದ ಹಳದಿ ಯಾವ ಗೋಡೆಯ ಮೇಲೂ ಬಿಸಿಲಿಗೆ ತಾನಾಗಿ ಮಾಸುತ್ತದೆ, ಬಣ್ಣದ ಮಹಿಮೆಯೆಂದು ಮೋಸಹೋಗುತ್ತೀರಿ. ದೀಪದ ಕಾಡಿಗೆಗೆ ತೊಟ್ಟು ಎಣ್ಣೆ ಕಲಸಿ ಎರಡೂ ಹಂಚಿಗೆ ತೆಳುವಾಗಿ ಹಚ್ಚಿ, ಅರ್ಧಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ತಿಂಗಳು ಬಿಸಿಲಲ್ಲಿಟ್ಟು ಹೋಲಿಸಿ. ಮುಚ್ಚಿದ ಮತ್ತು ತೆರೆದ ಭಾಗಗಳ ನಡುವಿನ ವ್ಯತ್ಯಾಸ ಹೊಸ ಬಣ್ಣದ ಹಂಚಿನ ಮೇಲೆ ಎದ್ದು ಕಾಣಬೇಕು.

ಕಲ್ಲಿನ ಗುಡಿಗಳು

ಇಟಲಿಯ ಫ್ಲಾರೆನ್ಸಿನ ರಸಾಯನಜ್ಞರು ಸುಣ್ಣವನ್ನೇ ನ್ಯಾನೊ ಗಾತ್ರಕ್ಕೆ ಇಳಿಸಿ, ಮದ್ಯಸಾರದಲ್ಲಿ ತೇಲಿಸಿ, ಪುಡಿಯಾಗುತ್ತಿದ್ದ ಹಳೆಯ ಭಿತ್ತಿಚಿತ್ರಗಳಿಗೆ ಇಂಗಿಸಿ ಗಟ್ಟಿಗೊಳಿಸಿದ್ದಾರೆ. ಅದು ತಜ್ಞರ ಕೈಯ ಚಿಕಿತ್ಸೆ. ಬಳಿಯುವ ಬಣ್ಣವೂ ಅದೂ ಒಂದೇ ಎಂದು ಎಣಿಸಬಾರದು. ಉತ್ತರ ಕರ್ನಾಟಕದ ಎಷ್ಟೋ ಚಾಲುಕ್ಯ ಗುಡಿಗಳಿಗೆ ಭಕ್ತಿಯಿಂದಲೇ ಸುಣ್ಣ, ಎಣ್ಣೆ ಬಣ್ಣ ಬಳಿದು ಕೆತ್ತನೆಯ ನವುರು ಮುಚ್ಚಿಹೋಗಿದೆ. ಪದರ ಪದರವಾಗಿ ಅದನ್ನು ತೆಗೆಯಲು ಎಷ್ಟೋ ವರ್ಷಗಳ ಶ್ರಮ ಬೇಕಾಗುತ್ತದೆ. ನೀರು ಅಂಟದ ಲೇಪವೂ ಕಲ್ಲಿನೊಳಗಿನ ತೇವ ಮತ್ತು ಉಪ್ಪನ್ನು ಒಳಗೇ ಕೂಡಿಹಾಕಿ ಮೇಲ್ಪದರವನ್ನು ಸಿಡಿಸಬಲ್ಲದು. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರಗೊಂಡು ಕಲ್ಲಿನ ಸಹಜ ಬಣ್ಣದಲ್ಲೇ ನಿಂತಿದೆ. ಶಂಖ ಬಸದಿ, ಅನಂತನಾಥ ಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿಗಳೂ ಇದೇ ಊರಿನಲ್ಲಿವೆ. ನಿಮ್ಮ ಮನೆಯ ಪಡುವಣ ಗೋಡೆಯಲ್ಲಿ ಎರಡಡಿ ಚೌಕಕ್ಕೆ ಯುಗಾದಿಯ ಹೊತ್ತಿಗೆ ಹೊಸ ಬಣ್ಣ ಬಳಿದು, ದೀಪಾವಳಿಗೆ ನೋಡಿ, ಒಪ್ಪಿಗೆಯಾದರೆ ಮುಂದುವರಿಯಿರಿ. ಈ ಗುಡಿ, ಬಸದಿ, ಮಸೀದಿಗಳ ಕಲ್ಲುಗಳಿಗೆ ಮಾತ್ರ ಎಷ್ಟೇ ಹೊಸದಾದ ಬಣ್ಣವನ್ನೂ ಯಾರೂ ಹಚ್ಚದಂತೆ ನೋಡಿಕೊಳ್ಳಿ.